ಚಿಗರಿ ಪಾರ್ಕಿನ ಕುರಿದಾರಿ

ಹೋದ ತಿಂಗಳು ಇಬ್ಬರು ಹುಡುಗರು ಜಹೀರಾಬಾದಿನ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಇಬ್ಬರಿಗೂ ಚಿಗರಿ ಪಾರ್ಕಿನ ಗೇಟಿನಲ್ಲಿ ಕೆಲಸ ಸಿಕ್ಕಿದೆ. ಒಬ್ಬ, "ಬಂದೂಕ ಕೊಡ್ತಾರೇನ್ರಿ ಕಾಕಾ?" ಎಂದು ಕೇಳಿದ. ಇನ್ನೊಬ್ಬ, "ಐತವಾರ ರಜಾ ಇರ್ತದೇನ್ರಿ?" ಎಂದ. ಬಂದೂಕು ಕೊಡುವುದಿಲ್ಲ, ಸೀಟಿ ಕೊಡುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಅದೂ ಊದಿದರೆ ಉಸ್ಸೆನ್ನುತ್ತದೆ. ಇನ್ನು ಐತವಾರ, ಇಡೀ ಹೈದರಾಬಾದಿಗೆ ರಜೆ ಇರುವ ದಿನ ಗೇಟಿನವನಿಗೆ ರಜೆ ಕೊಡುವಷ್ಟು ಹುಚ್ಚು ನಮ್ಮ ಇಲಾಖೆಗೆ ಹಿಡಿದಿಲ್ಲ. ಇಷ್ಟು ಹೇಳಿ ಚಹಾ ಕುಡಿಸಿ ಕಳಿಸಿದೆ. ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಸಾಹೇಬರು ನನ್ನ ಬೆನ್ನು ತಟ್ಟಿದರು ಎಂಬುದನ್ನು ಬರೆಯುವುದಿಲ್ಲ. ಬೆನ್ನು ತಟ್ಟಿಸಿಕೊಂಡದ್ದು ಯಾವ ಕೆಲಸಕ್ಕೆ ಎಂದು ನೆನೆದರೆ ಈಗಲೂ ಬೆನ್ನು ಉರಿಯುತ್ತದೆ.

ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಎನ್ನುತ್ತಾರೆ. ನ್ಯಾಲ್ಕಲ್ ದಾಟಿ ನಾರಾಯಣಖೇಡದ ಕಡೆ ಹೋಗುವಾಗ ಕೆಂಪು ನೆಲದ ಒಂದು ದೊಡ್ಡ ಬಯಲು ಸಿಗುತ್ತದೆ. ಬೆಳೆಗೆ ಬಾರದ, ಹುಲ್ಲು ಮಾತ್ರ ಬೆಳೆಯುವ ನೆಲ. ಅದನ್ನೇ ಸರ್ಕಾರ ಪಾರ್ಕು ಮಾಡಿತು. ಬಯಲಿನ ನಡುವೆ ಒಂದು ಕುಂಟೆ, ಅಂದರೆ ಸಣ್ಣ ಕೆರೆ, ಇದೆ. ಸುತ್ತಮುತ್ತಲ ಬಾವಿಗಳೆಲ್ಲ ಬತ್ತಿದ ಮೇಲೂ ಅದರಲ್ಲಿ ನೀರಿರುತ್ತದೆ. ಆ ನೀರಿಗೆ ಹೋಗಲು ಕುರಿಗಳಿಗೆ ಒಂದು ದಾರಿ ಇತ್ತು. ಅಂಥ ದಾರಿ ಎಂದೂ ಇರಲೇ ಇಲ್ಲ ಎಂದು ಊರ ಮಂದಿಯ ಮುಂದೆ ನಿಂತು ಹೇಳಿದವನು ನಾನು. ಆ ದಾರಿಯಲ್ಲಿ ದಿನವೂ ಹೋಗುತ್ತಿದ್ದದ್ದು ನನ್ನ ಒಡಹುಟ್ಟಿದ ಅಕ್ಕನ ಕುರಿ.

ನಾವು ಕುರಿ ಕಾಯುವ ಮನೆತನದವರು. ಅಪ್ಪ ತೀರಿಕೊಂಡ ಮೇಲೆ ಹಿಂಡು ಅಕ್ಕ ಬೀರಮ್ಮನ ಕೈಗೆ ಬಂತು. ನಾನು ಊರ ಕನ್ನಡ ಶಾಲೆ ಮುಗಿಸಿ, ಜಹೀರಾಬಾದಿನಲ್ಲಿ ಹತ್ತನೆಯ ತರಗತಿ ಪಾಸಾದೆ. ಮನೆಯಲ್ಲಿ ಪ್ಯಾಂಟು ಹಾಕಿದ ಮೊದಲ ಮನುಷ್ಯ ನಾನೇ. ನನ್ನ ಬಟ್ಟೆಗೆ ಕುರಿಯ ವಾಸನೆ ಬರುತ್ತದೇನೋ ಎಂಬ ಭಯ ನನಗೆ ಆಗಿನಿಂದಲೇ ಇತ್ತು. ಅಕ್ಕನಿಗೆ ಆ ಭಯ ಇರಲಿಲ್ಲ. ಕೈಯಲ್ಲಿ ಕೋಲು, ತಲೆ ಮೇಲೆ ಕಂಬಳಿ, ಬಾಯಲ್ಲಿ ಎಲೆಯಡಿಕೆ. ಅವಳು ಮುಂದೆ ನಡೆದರೆ ಕುರಿಗಳು ಹಿಂದೆ ಹೋಗುತ್ತಿದ್ದವು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಯಾರ ಅಜಾಗ್ರತೆಯಿಂದ ಹಿಂಡಿನ ಒಂದು ಕುರಿ ಹೋಗುತ್ತದೋ, ತೋಳಕ್ಕೋ ಹಳ್ಳಕ್ಕೋ, ಅವರು ಹಿಂಡಿನ ಹಿಂದೆ ನಡೆಯಬೇಕು. ಬೈಗುಳ ಇಲ್ಲ, ಹೊಡೆತ ಇಲ್ಲ. ಕುರಿಗಳ ಕಾಲಿನಿಂದ ಎದ್ದ ದೂಳೆಲ್ಲ ಹಿಂದಿನವನ ಮೂಗು ಬಾಯಿಗೆ. ಹಿಂಡಿನಲ್ಲಿ ಮುಂದಿನ ಮರಿ ಹುಟ್ಟುವವರೆಗೆ ಹಾಗೆಯೇ. ಮರಿ ಹುಟ್ಟಿದರೆ ಹೋದದ್ದು ತುಂಬಿತು ಎಂದು ಲೆಕ್ಕ, ಮತ್ತೆ ಮುಂದೆ ಬರಬಹುದು. ಸಣ್ಣವನಿದ್ದಾಗ ನಾನು ಬೇವಿನ ಗಿಡದ ಕೆಳಗೆ ನಿದ್ದೆ ಹೋಗಿ ಒಂದು ಕುರಿಯನ್ನು ತೋಳಕ್ಕೆ ಕೊಟ್ಟಿದ್ದೆ. ಕುಂಟೆಗೆ ಹೋಗುವಾಗ, ಬರುವಾಗ, ಆ ಬಯಲಿನ ದಾರಿಯುದ್ದಕ್ಕೂ ಕೆಂಪು ದೂಳು ತಿಂದಿದ್ದೆ.

ದಾರಿಯ ನಡುವೆ ಚಪ್ಪಟೆ ಕಲ್ಲುಗಳಿದ್ದವು. ಅವುಗಳ ಮೇಲೆ ಕುರಿಗಳಿಗೆ ಉಪ್ಪು ಇಡುತ್ತಿದ್ದೆವು. ಕುರಿ ನೆಕ್ಕಿ ಮುಂದೆ ಹೋದ ಮೇಲೆ ಚಿಗರಿಗಳು ಬಂದು ಉಳಿದದ್ದನ್ನು ನೆಕ್ಕುತ್ತಿದ್ದವು. ಕುರಿ ಮೇಯ್ದ ಜಾಗದಲ್ಲಿ ಹುಲ್ಲು ಗಿಡ್ಡವಾಗಿ ಹೊಸ ಚಿಗುರು ಬರುತ್ತದೆ. ಚಿಗರಿಗೆ ಬೇಕಾದದ್ದೂ ಅದೇ. ಇದು ಊರಿನ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಸಾಹೇಬರುಗಳಿಗೂ ಗೊತ್ತಿತ್ತು, ಅವರು ಪುಸ್ತಕದಲ್ಲಿ ಓದಿದ್ದರು. ಗೊತ್ತಿಲ್ಲದವರಂತೆ ನಾವೆಲ್ಲ ನಟಿಸಿದೆವು, ಅಷ್ಟೇ.

ನಾನು ಸೇರಿದಾಗ ಕೆಲಸ ಕಾಯಂ ಇರಲಿಲ್ಲ. ಮೊದಲ ಸಾಹೇಬರು ಹೈದರಾಬಾದಿನವರು. ಬಯಲಿನ ಒಂದು ಮೂಲೆಯಲ್ಲಿ ಕಬ್ಬಿಣದ ಅಟ್ಟಣಿಗೆ ಕಟ್ಟಿಸಿ, ಜನ ಮೇಲೆ ಹತ್ತಿ ಚಿಗರಿ ನೋಡಲಿ ಎಂದು ಟಿಕೆಟ್ ಇಟ್ಟರು. ಜನ ಹತ್ತಿದರು, ಚಿಗರಿ ಬರಲಿಲ್ಲ. ಅವು ದೂರದಲ್ಲಿ, ಅಕ್ಕನ ಕುರಿಗಳ ಹಿಂದೆ ಹಿಂದೆ ಇರುತ್ತಿದ್ದವು. ಒಬ್ಬ ದೊಡ್ಡ ಮನುಷ್ಯರ ಕುಟುಂಬ ಬಂದು, ಏನೂ ಕಾಣದೆ, ಸಾಹೇಬರ ಮುಖಕ್ಕೆ ಹೊಡೆದಂತೆ ಮಾತಾಡಿ ಹೋಯಿತು. ಸಾಹೇಬರು ನನ್ನನ್ನು ಕರೆದು ತೆಲುಗಿನಲ್ಲಿ, "ನೀನು ಕುರಿಯವರ ಹುಡುಗ ಅಲ್ಲವೇ? ಏನಾದರೂ ಉಪಾಯ ಹೇಳು" ಎಂದರು.

ಉಪಾಯ ನನಗೆ ಗೊತ್ತಿತ್ತು. ಅಕ್ಕ ಹಿಂಡು ಹೊಡೆದುಕೊಂಡು ಹೋದ ಮೇಲೆ ಆ ಚಪ್ಪಟೆ ಕಲ್ಲುಗಳನ್ನು ಎತ್ತಿನ ಬಂಡಿಯಲ್ಲಿ ಹೇರಿಸಿ ಅಟ್ಟಣಿಗೆಯ ಬುಡಕ್ಕೆ ತಂದು ಹಾಕಿದೆ. ತಲೆಮಾರುಗಳ ಕುರಿಗಳು ನೆಕ್ಕಿ ನೆಕ್ಕಿ ನಡುವೆ ತಗ್ಗು ಬಿದ್ದ ಕಲ್ಲುಗಳವು. ಮೇಲೆ ಚೀಲಗಟ್ಟಲೆ ಉಪ್ಪು ಸುರಿದೆ. ಕೆಲವೇ ದಿನಗಳಲ್ಲಿ ಚಿಗರಿಗಳು ಬಂದವು. ಮೊದಲು ಹೆಣ್ಣುಗಳು ಅಂಜುತ್ತ ಬಂದವು, ಆಮೇಲೆ ಕರಿ ಬೆನ್ನಿನ, ತಿರುಚಿದ ಕೊಂಬಿನ ಗಂಡು ಬಂತು. ಜನ ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನ ಬೆನ್ನು ತಟ್ಟಿದರು.

ಮರುದಿನ ಅಕ್ಕ ದಾರಿಯಲ್ಲಿ ನನ್ನನ್ನು ತಡೆದಳು.

"ಎಲಾ ಹಣಮಂತಾ, ನಮ್ಮ ಉಪ್ಪುಗಲ್ಲು ಎಲ್ಲಿ ಹೋಗ್ಯಾವೋ?"

"ಸರ್ಕಾರದ ಜಾಗ ಅದ ಅಕ್ಕಾ. ಕಲ್ಲು ಭೀ ಸರ್ಕಾರದ್ದೇ."

"ಕಲ್ಲು ಸರ್ಕಾರದ್ದು. ತಗ್ಗು ಬಿದ್ದದಲ್ಲ, ಅದು ಯಾರದು? ಅದನ್ನ ಬಿಟ್ಟು ಹೋಗಬೇಕಿತ್ತು."

ನಾನು ನಕ್ಕೆ. ಅವಳೂ ನಕ್ಕಳು. ಅದು ಜಗಳ ಎಂದು ಆಗ ಇಬ್ಬರಿಗೂ ಅನ್ನಿಸಲಿಲ್ಲ.

ಪೇಪರಿನಲ್ಲಿ ಫೋಟೋ ಬಂತು. ಜನ ಹೆಚ್ಚಿದರು. ಬೀದರಿನಿಂದ, ಹೈದರಾಬಾದಿನಿಂದ ಕಾರುಗಳು ಬಂದವು. ಹಾಗೆ ಬಂದವರಿಗೆ ಕುರಿ ಕಂಡರೆ ಆಗುತ್ತಿರಲಿಲ್ಲ. "ಟಿಕೆಟ್ ಕೊಟ್ಟು ಬಂದದ್ದು ಕುರಿ ನೋಡಲಿಕ್ಕೇನು?" ಎನ್ನುತ್ತಿದ್ದರು. ಸಾಹೇಬರಿಗೂ ಅದು ಸರಿ ಅನ್ನಿಸಿತು. ಸುತ್ತಲೂ ತಂತಿಬೇಲಿ ಹಾಕಬೇಕು, ಅದಕ್ಕೆ ಅನುದಾನ ಬರುತ್ತದೆ ಎಂದರು. ಅನುದಾನ ಬರುವ ಮುನ್ನ ಊರವರನ್ನು ಕೇಳಿದ ಶಾಸ್ತ್ರ ಆಗಬೇಕು. ಹಾಗಾಗಿ ಶಾಲೆಯ ಮುಂದಿನ ಬೇವಿನ ಗಿಡದ ಕೆಳಗೆ ಸಭೆ ಕರೆದರು. ಮೇಲಿನ ಕಚೇರಿಯಿಂದಲೂ ಒಬ್ಬರು ಬಂದಿದ್ದರು. ಕುರಿದಾರಿ ಮುಚ್ಚಬಾರದು ಎಂದು ಊರವರು ಗದ್ದಲ ಮಾಡಿದರು. ಆಗ ನಮ್ಮ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಇವನೂ ಕುರಿಯವರ ಮನೆಯವನೇ, ಇವನೇ ಹೇಳಲಿ" ಎಂದರು. ಸಭೆಗೆ ಬರುವಾಗ ಜೀಪಿನಲ್ಲಿ ಅವರು ನನಗೆ ಒಂದೇ ಮಾತು ಹೇಳಿದ್ದರು: ಈ ಸಲ ಕಾಯಂ ಮಾಡುವವರ ಪೈಕಿ ನಿನ್ನ ಹೆಸರೂ ಇದೆ.

ನಾನು ಎದ್ದು ನಿಂತು ಹೇಳಿದೆ: "ದಾರಿ ಅಂತ ಏನೂ ಇದ್ದಿಲ್ಲರಿ. ಎಲ್ಲಿ ಹಸರು ಕಾಣ್ತದ ಅಲ್ಲಿ ಕುರಿ ಹೋಗ್ತಿದ್ದವು. ಕುರಿ ಇದ್ರ ಚಿಗರಿ ಅಂಜಿ ಓಡಿ ಹೋಗ್ತಾವರಿ."

ಗದ್ದಲ ನಿಂತುಹೋಯಿತು. ಹೆಂಗಸರ ನಡುವೆ ಕೂತಿದ್ದ ಅಕ್ಕ ಎದ್ದಳು. ಬೈಯಲಿಲ್ಲ. "ಹಂಗಾರ ತಮ್ಮಾ, ಸಣ್ಣಾಂವ ಇದ್ದಾಗ ನೀ ಯಾವ ದಾರಿಗಿ ಹಿಂದ ನಡದಿದ್ದಿ?" ಎಂದು ಕೇಳಿದಳು.

ಸಾಹೇಬರು ಅವಳು ಏನು ಕೇಳಿದಳೆಂದು ವಿಚಾರಿಸಿದರು. "ಏನಿಲ್ಲ ಸಾರ್, ಮನೆ ಮಾತು" ಎಂದೆ. ಬೇಲಿ ಎದ್ದಿತು. ನಾನು ಕಾಯಂ ಆದೆ.

ಬೇಲಿ ಮುಗಿದ ದಿನ ಅಕ್ಕ ಇಡೀ ಹಿಂಡನ್ನು ಗೇಟಿಗೇ ತಂದು ನಿಲ್ಲಿಸಿದಳು. ಟಿಕೆಟ್ ಕಿಟಕಿಯಲ್ಲಿ ನಾನಿದ್ದೆ. ಹಿಂದೆ ಕಾರುಗಳು ಹಾರನ್ ಹೊಡೆಯುತ್ತಿದ್ದವು.

"ಟಿಕೆಟ್ ಎಷ್ಟದರಿ ಸಾಹೇಬ್ರ? ದೊಡ್ಡವರದು ಒಂದು ಕೊಡ್ರಿ. ಇವು ಸಣ್ಣ ಮಕ್ಕಳ ಲೆಕ್ಕದಾಗ ಹಿಡೀರಿ."

"ಅಕ್ಕಾ, ಸಾಹೇಬರು ಒಳಗ ಅದಾರ. ಹೋಗು."

"ನೀ ಇದ್ದಿಯಲ್ಲ, ಮತ್ತ ಅವರು ಯಾಕ ಬೇಕು? ಈ ಟಗರಿನ ಮಾರಿ ಛಂದ ಅದ, ಫೋಟೋ ತೆಗ್ಯಾಕ ಪೈಸಾ ಬ್ಯಾರೆ ತಗೋತೀಯೇನು?"

ಸಾಲಿನಲ್ಲಿದ್ದವರು ನಕ್ಕರು. ನನಗೆ ಬಂದದ್ದು ಸಿಟ್ಟು. ಸೀಟಿ ಊದಿದೆ. ಒಡಹುಟ್ಟಿದವಳ ಕುರಿಗಳನ್ನು ಸೀಟಿ ಊದಿ ಓಡಿಸಿದೆ. ಅವು ಬೀದರ ರಸ್ತೆಯ ಕಡೆ ತಿರುಗಿದವು. ಅಂದಿನಿಂದ ಅವಳ ಹಿಂಡು ನೀರಿಗೆ ಆ ರಸ್ತೆಯನ್ನು ದಾಟಿ, ಬಯಲು ಸುತ್ತಿ, ಆಚೆ ಊರಿನ ಹಳ್ಳಕ್ಕೆ ಹೋಗಬೇಕಾಯಿತು. ಆ ರಸ್ತೆಯಲ್ಲಿ ಕಬ್ಬಿನ ಲಾರಿಗಳು ಹೇಗೆ ಓಡುತ್ತವೆ ಎಂದು ನಿಮಗೆ ಗೊತ್ತು.

ಇನ್ನು ಶುಲ್ಕದ ಕಥೆ. ಹೊಸಬರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು, ಯಾಕೆಂದರೆ ಬೈಗುಳ ಬೀಳುವುದು ಕಿಟಕಿಯಲ್ಲಿ ಕೂತ ನಿಮಗೆ. ಒಬ್ಬ ಸಾಹೇಬರು ಬಂದರು. ಜನದಟ್ಟಣೆ ಹೆಚ್ಚಾಗಿದೆ, ಶುಲ್ಕ ಏರಿಸಿದರೆ ಕಡಿಮೆಯಾಗುತ್ತದೆ ಎಂದರು. ಏರಿಸಿದೆವು. ಸುತ್ತಲ ಊರಿನ ಶಾಲೆಯ ಮಕ್ಕಳು ಬರುವುದು ನಿಂತಿತು. ಕಾರಿನವರು ಇನ್ನೂ ದೊಡ್ಡ ಕಾರು ತಂದರು. ಇಷ್ಟು ರೊಕ್ಕ ಕೊಟ್ಟಿದ್ದೇವೆ ಎಂಬ ಸೊಕ್ಕಿನಲ್ಲಿ ಹಾಡು ಹಚ್ಚಿ, ಅಟ್ಟಣಿಗೆಯ ಮೇಲೆ ಬಿರಿಯಾನಿ ತಿಂದು, ಎಲುಬನ್ನು ಚಿಗರಿಗಳ ಕಡೆ ಎಸೆದರು. ಹುಲ್ಲು ತಿನ್ನುವ ಪ್ರಾಣಿಗೆ ಕೋಳಿಯ ಎಲುಬು! ಬೇಡ ಎಂದರೆ, "ನಿನ್ನ ಸಂಬಳ ನಮ್ಮ ಟಿಕೆಟಿನಿಂದ" ಎನ್ನುತ್ತಿದ್ದರು. ಮುಂದೆ ಚುನಾವಣೆ ಹತ್ತಿರ ಬಂತು. ಬಡವರಿಗೂ ನಿಸರ್ಗದ ಹಕ್ಕಿದೆ ಎಂದು ಒಬ್ಬರು ಭಾಷಣ ಮಾಡಿ ಶುಲ್ಕ ತೆಗೆಸಿದರು. ಆ ಹಂಗಾಮಿನಲ್ಲಿ ಪಾರ್ಕು ಜಹೀರಾಬಾದಿನ ಬಸ್‌ಸ್ಟ್ಯಾಂಡಿಗಿಂತ ಕಡೆಯಾಯಿತು. ಕಸ ಎತ್ತಲು ಆಳಿಲ್ಲ, ಆಳಿಗೆ ಕೊಡಲು ಅನುದಾನವಿಲ್ಲ. ಚುನಾವಣೆ ಮುಗಿಯಿತು. ಬಡವರ ಹಕ್ಕೂ ಮುಗಿಯಿತು. ಟಿಕೆಟ್ ಮೊದಲಿಗಿಂತ ತುಟ್ಟಿಯಾಯಿತು.

ಗೇಟಿನಲ್ಲಿ ಬಂದ ರೊಕ್ಕ ಮೇಲೆ ಹೋಗುತ್ತದೆ. ಮೇಲಿಂದ ಅದು ಪ್ರಾಣಿಯ ಉಪಯೋಗಕ್ಕೆ ಬಂದದ್ದನ್ನು ನಾನು ನೋಡಲಿಲ್ಲ. ಒಂದು ಸಲ ಕಲ್ಲಾಗಿ ಬಂತು. ಆಗಿನ ಸಾಹೇಬರಿಗೆ ಕೆಂಪು ಮಣ್ಣಿನಲ್ಲಿ ಜನರ ಬೂಟು ಹೊಲಸಾಗುತ್ತದೆ ಎಂಬ ಚಿಂತೆ. ತಾಂಡೂರಿನಿಂದ ಲಾರಿಗಟ್ಟಲೆ ನುಣುಪು ಹಾಸುಗಲ್ಲು ತರಿಸಿ, ಗೇಟಿನಿಂದ ಅಟ್ಟಣಿಗೆಯವರೆಗೂ, ಉಪ್ಪುಗಲ್ಲಿನ ಸುತ್ತಲೂ ಹಾಸಿಸಿದರು. ಮನೆಯೊಳಗೆ ಹಾಸಿದರೆ ತಂಪಾದ ಒಳ್ಳೆ ಕಲ್ಲು. ಬಯಲಿನ ಬಿಸಿಲಿಗೆ ರೊಟ್ಟಿ ಸುಡುವ ಹಂಚು, ಮಳೆಗೆ ಜಾರುಬಂಡಿ. ಜನ ಜಾರಿ ಬಿದ್ದು ನನ್ನನ್ನು ಬೈದರು.

ಮತ್ತೊಂದು ಸಲ ಅನುದಾನ ಸಿಮೆಂಟಿನ ಚಿಗರಿಯಾಗಿ ಬಂತು. ಗೇಟಿನ ಎದುರು ಕಟ್ಟೆ ಕಟ್ಟಿ ನಿಲ್ಲಿಸಿದರು. ಬಣ್ಣ ಬಳಿಯಲು ಬಂದವನು ತಾಂಡೂರಿನ ಪೇಂಟರ್. ಅಂಗಡಿಯ ಬೋರ್ಡು ಬರೆಯುವ ಕೈ. ನಾನು ಊಟಕ್ಕೆ ಹೋಗಿ ಬರುವುದರೊಳಗೆ ಚಿಗರಿಯ ಮೈತುಂಬ ಬಿಳಿ ಚುಕ್ಕಿ ಇಟ್ಟಿದ್ದ.

"ಇದೇನು ಮಾಡಿದಿಯೋ ಮಾರಾಯಾ? ಚುಕ್ಕಿ ಇರೋದು ಜಿಂಕಿಗಿ. ಇದು ಚಿಗರಿ."

"ಚುಕ್ಕಿ ಇದ್ರ ಛಂದ ಕಾಣ್ತದರಿ. ಸಾದಾ ಇದ್ರ ಆಡು ಕಂಡಂಗ ಕಾಣ್ತದ. ಸಾಹೇಬ್ರಿಗಿ ತೋರ್ಸ್ರಿ, ಬ್ಯಾಡಂದ್ರ ಒರಸ್ತೀನಿ."

ಸಾಹೇಬರು ನೋಡಿ ಬಹಳ ಚೆನ್ನಾಗಿದೆ ಎಂದರು. ಚುಕ್ಕಿ ಉಳಿಯಿತು. ಇವತ್ತಿಗೂ ಜನ ಅದಕ್ಕೆ ಆತುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ಈ ಪಾರ್ಕಿನಲ್ಲಿ ಟಿಕೆಟಿಗೆ ತಕ್ಕಂತೆ ತಪ್ಪದೆ ನೋಡಲು ಸಿಗುವ ಪ್ರಾಣಿ ಅದೊಂದೇ.

ನಡುವೆ ಕೆಲವು ವರ್ಷ ನನ್ನನ್ನು ಧಾರೂರು ಕಡೆಯ ಕಾಡಿಗೆ ಹಾಕಿದ್ದರು. ಅಲ್ಲಿ ಗುಡ್ಡ, ಮರ, ಮಳೆಗಾಲದಲ್ಲಿ ಹರಿಯುವ ನೀರು. ಜನದ ರೀತಿ ಅದೇ. ಒಬ್ಬ ಟೋಪಿ ಹಾಕಿದ ಮನುಷ್ಯ ಪ್ರತಿ ವರ್ಷ ಬಂದು, ಜನರಿಂದ ಕಾಡು ಹಾಳಾಗುತ್ತಿದೆ ಎಂದು ಕ್ಯಾಮರಾದ ಮುಂದೆ ಮರುಗುತ್ತಿದ್ದ. ಅವನ ಜೊತೆ ಬರುತ್ತಿದ್ದ ಮೂರು ಗಾಡಿ ಜನ ಆ ಹೊತ್ತಿಗೆ ಮರದ ಕೆಳಗೆ ಒಲೆ ಹೂಡಿರುತ್ತಿದ್ದರು. ಆ ಮಾತು ಆ ಕಾಡಿಗೇ ಇರಲಿ.

ಮತ್ತೆ ಚಿಗರಿ ಪಾರ್ಕಿಗೆ ಬಂದೆ. ಬಯಲು ಗುರುತು ಸಿಗಲಿಲ್ಲ. ಕುರಿ ಮೇಯದ್ದರಿಂದ ಹುಲ್ಲು ಎದೆಯುದ್ದ ಬೆಳೆದು, ಒಣಗಿ, ಕಂದು ಗೋಡೆಯಂತೆ ನಿಂತಿತ್ತು. ಅದರ ನಡುವೆ ಬಳ್ಳಾರಿ ಜಾಲಿ ನುಗ್ಗಿತ್ತು. ಚಿಗರಿಯ ಜೀವ ಅದರ ಕಣ್ಣಿನಲ್ಲಿದೆ. ದೂರದ ತೋಳ ಕಾಣಬೇಕು, ಕಂಡ ಕೂಡಲೇ ಓಡಬೇಕು. ಎದುರು ಏನೂ ಕಾಣದ ಹುಲ್ಲಿನಲ್ಲಿ ಅದು ನಿಲ್ಲುವುದಿಲ್ಲ. ಬೇಲಿ ಹರಿದ ಕಡೆಯಿಂದ ಹೊರಬಿದ್ದು ರೈತರ ಕಡಲೆ, ತೊಗರಿ ಹೊಲಗಳಲ್ಲಿ ಸೇರಿಕೊಂಡಿದ್ದವು. ಉಪ್ಪಿನ ಆಸೆಗೆ ಅಟ್ಟಣಿಗೆಯ ಹತ್ತಿರ ಬರುವ ಕೆಲವು ಮಾತ್ರ ಉಳಿದಿದ್ದವು. ಕುರಿ ಇದ್ದರೆ ಚಿಗರಿ ಓಡಿಹೋಗುತ್ತವೆ ಎಂದು ನಾನು ಹೇಳಿದ್ದೆನಲ್ಲ. ಕುರಿ ಹೋದ ಮೇಲೆ ಚಿಗರಿ ಹೋದವು.

ಒಂದು ಐತವಾರ, ಮಳೆ ಬಂದು ನಿಂತ ಮೇಲೆ, ಅಟ್ಟಣಿಗೆಯ ಕೆಳಗೆ ಜಾತ್ರೆಯಷ್ಟು ಜನ. ಮುದಿ ಗಂಡು ಚಿಗರಿಯೊಂದು ಉಪ್ಪಿಗೆ ಬಂತು. ಜನ ಒಮ್ಮೆಲೇ ಕೂಗಿ, ಮೊಬೈಲು ಹಿಡಿದು ಮುಂದೆ ನುಗ್ಗಿದರು. ನಾನು ಸೀಟಿ ಊದಿದೆ. ಉಸ್ಸೆಂದಿತು. ಚಿಗರಿ ತಿರುಗಿ ಹಾರಿತು. ಹಾರಿದ್ದು ಒದ್ದೆ ಹಾಸುಗಲ್ಲಿನ ಮೇಲೆ. ನಾಲ್ಕೂ ಕಾಲು ನಾಲ್ಕು ಕಡೆ ಹೋದವು, ಹಿಂಗಾಲು ಮುರಿದ ಸದ್ದು ನನಗೆ ಕೇಳಿಸಿತು. ಏಳಲು ನೋಡುತ್ತದೆ, ಜಾರುತ್ತದೆ, ಮತ್ತೆ ನೋಡುತ್ತದೆ. ಅದರ ಬಾಯಿ ನಾನು ಹೊತ್ತು ತಂದ ಕಲ್ಲಿನ ತಗ್ಗಿಗೆ ತಾಗಿತ್ತು. ದನದ ಡಾಕ್ಟರು ನಾರಾಯಣಖೇಡದಿಂದ ಬರುವ ಹೊತ್ತಿಗೆ ಜೀವ ಹೋಗಿತ್ತು. ಸಾಯುವವರೆಗೂ ಜನ ವಿಡಿಯೋ ಮಾಡಿದರು. ಒಬ್ಬ ನನ್ನ ಹತ್ತಿರ ಬಂದು, ಮಕ್ಕಳಿಗೆ ಬೇಜಾರಾಗಿದೆ, ಟಿಕೆಟಿನ ರೊಕ್ಕ ವಾಪಸ್ ಕೊಡಿ ಎಂದ. "ಪ್ರವಾಸಿಗರು ಸಂಯಮ ಪಾಲಿಸಬೇಕು" ಎಂದು ಸಾಹೇಬರು ಹೊಸ ಬೋರ್ಡು ಬರೆಸಿದರು. ಹಾಸುಗಲ್ಲು ಹಾಗೆಯೇ ಉಳಿಯಿತು.

ಅದೇ ವರ್ಷ ಬೀದರ ರಸ್ತೆಯಲ್ಲಿ ಲಾರಿಯೊಂದು ಅಕ್ಕನ ಹಿಂಡಿನ ಮೇಲೆ ಹೋಯಿತು. ಸುದ್ದಿ ತಿಳಿದು ಹೋದೆ. ಅವಳು ರಸ್ತೆಯ ಬದಿ ಕೂತು, ಸತ್ತ ಕುರಿಗಳ ಕೊರಳ ಗಂಟೆ ಬಿಚ್ಚುತ್ತಿದ್ದಳು. ನನ್ನನ್ನು ನೋಡಿ, "ಬಾ ಸಾಹೇಬಾ, ಸೀಟಿ ತಂದಿಯೇನು?" ಎಂದಳು. ಅಷ್ಟೇ. ಆ ಮೇಲೆ ಹಿಂಡು ಅರ್ಧಕ್ಕಿಂತ ಕಡಿಮೆಯಾಯಿತು. ಕುಂಟೆಯ ದಾರಿ ಬಿಡಿಸಿಕೊಡಿ ಎಂದು ಅವಳು ಕಚೇರಿಗಳನ್ನು ಸುತ್ತಿದಳು. ಹೋದಲ್ಲೆಲ್ಲ ಒಂದೇ ಉತ್ತರ: "ದಾರಿ ಇರಲಿಲ್ಲ ಎಂದು ನಿನ್ನ ತಮ್ಮನೇ ಹೇಳಿದ್ದಾನೆ." ಸಾಹೇಬರುಗಳು ಬದಲಾದರು, ಶುಲ್ಕ ಬದಲಾಯಿತು, ನನ್ನ ಆ ಮಾತು ಮಾತ್ರ ಬದಲಾಗಲಿಲ್ಲ. ಬದಲಿಸಬೇಕಾದವನು ನಾನೇ. ನಿವೃತ್ತಿಗೆ ಇನ್ನು ಸ್ವಲ್ಪವೇ ಉಳಿದಿದೆ, ಪಿಂಚಣಿಗೆ ತೊಂದರೆ ಆದೀತು ಎಂದು ಬಾಯಿ ಮುಚ್ಚಿಕೊಂಡೆ. ನಿವೃತ್ತನಾದ ಮೇಲೂ ಮುಚ್ಚಿಕೊಂಡೇ ಇದ್ದೆ. ಆಗ ಯಾವ ಪಿಂಚಣಿಯ ನೆಪವೂ ಇರಲಿಲ್ಲ. ನಾಚಿಕೆಯಾಗುತ್ತಿತ್ತು, ಅಷ್ಟೇ. ಅಕ್ಕನ ಮನೆಗೆ ಹಬ್ಬಕ್ಕೂ ಹೋಗಲಿಲ್ಲ.

ಹೋದ ಚಳಿಗಾಲದಲ್ಲಿ ಜಹೀರಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ಸಭೆ ಕರೆದರು. ಪಾರ್ಕಿನ ಜನದಟ್ಟಣೆ, ಶುಲ್ಕ, ಅನುದಾನ, ಇವುಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಬೇಕಂತೆ. ಹಳೆಯ ನೌಕರ ಎಂದು ನನ್ನನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಹಿಂದಿನ ಸಾಲಿನಲ್ಲಿ ಅಕ್ಕ ಕಂಬಳಿ ಹೊದ್ದು ಕೂತಿದ್ದಳು. ಅರ್ಜಿ ಕೊಡಲು ಬಂದಿದ್ದಳು, ಎಂದಿನಂತೆ.

ಹೈದರಾಬಾದಿನಿಂದ ಬಂದ ಒಬ್ಬರು ಎದ್ದು, ಶುಲ್ಕ ಹೆಚ್ಚಿಸಿ, ಯೋಗ್ಯರು ಮಾತ್ರ ಬರಲಿ ಎಂದರು. ಯೋಗ್ಯರು ಎಂದರೆ ತಾವು ಎಂದು ಅವರ ಕೋಟು ಹೇಳುತ್ತಿತ್ತು. ಇನ್ನೊಬ್ಬರು, ಇದು ಜನರ ಆಸ್ತಿ, ಶುಲ್ಕವೇ ಬೇಡ ಎಂದು ಮೇಜು ಗುದ್ದಿದರು. ರಸ್ತೆ ಬದಿಯ ಹೋಟೆಲ್ ಅವರದೇ. ಮೂರನೆಯವರು ದಟ್ಟಣೆ ಕಡಿಮೆ ಮಾಡಲು ಕಾರು ನಿಲ್ಲಿಸುವ ಜಾಗ ದೊಡ್ಡದು ಮಾಡಬೇಕು ಎಂದರು. ಇದಕ್ಕೂ ಚಪ್ಪಾಳೆ ಬಿತ್ತು! ಪಸ್ತಾಪುರ ಕಡೆಯಿಂದ ಬಂದಿದ್ದ ರೈತ ಹೆಣ್ಣುಮಗಳೊಬ್ಬಳು ಎದ್ದು, "ಚಿಗರಿ ಪಾರ್ಕಿನಾಗ ಇಲ್ಲ, ನಮ್ಮ ಕಡ್ಲಿ ಹೊಲದಾಗ ಅದಾವರಿ. ನಮ್ಮ ಹೊಲಕ್ಕ ಭೀ ಟಿಕೆಟ್ ಇಡೂನೇನ್ರಿ?" ಎಂದಳು. ವೇದಿಕೆಯ ಮೇಲಿದ್ದವರು ತಮಾಷೆ ಎಂದುಕೊಂಡು ನಕ್ಕರು.

ಆಮೇಲೆ ಅಕ್ಕನ ಸರದಿ. ಅವಳು ಮೈಕು ಮುಟ್ಟಲಿಲ್ಲ. "ನನ್ನ ಕುರಿಗೋಳ ದಾರಿ ಕೊಡ್ರಿ. ಮತ್ತೇನೂ ಬ್ಯಾಡ" ಎಂದಳು. ಮಧ್ಯದಲ್ಲಿ ಕೂತಿದ್ದ ಅಧಿಕಾರಿ ಪಕ್ಕದವರ ಜೊತೆ ಗುಸುಗುಸು ಮಾತಾಡಿ, "ಅಮ್ಮಾ, ಅಂಥ ದಾರಿ ಇರಲಿಲ್ಲ ಎಂದು ನಿಮ್ಮ ಕುಟುಂಬದವರೇ ಹೇಳಿದ್ದಾರಂತೆ. ಅವರು ಇಲ್ಲೇ ಇದ್ದಾರೆ" ಎಂದು ನನ್ನ ಕಡೆ ನಕ್ಕರು. ನನಗೆ ಹೊದಿಸಲು ತಂದ ಶಾಲು ಮೇಜಿನ ಮೇಲಿತ್ತು.

ನಾನು ಎದ್ದೆ. ಯೋಚಿಸಿ ಎದ್ದದ್ದಲ್ಲ. ಹಿಂದಕ್ಕೆ ತಿರುಗಿ, ಅಕ್ಕನ ಮುಖ ನೋಡಿ, ಬೇವಿನ ಗಿಡದ ಕೆಳಗೆ ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಟೆ.

"ಅದೇ ದಾರಿಗಿ ನಡದಿದ್ದೆ ಅಕ್ಕಾ. ಕುಂಟಿ ದಾರಿಗೇ. ತೋಳ ಕುರಿ ಒಯ್ದಾಗ ಅದೇ ದಾರಿಗಿ ಹಿಂದ ನಡದಿದ್ದೆ. ದಾರಿ ಇತ್ತು. ನಾ ಸುಳ್ಳು ಹೇಳೀನಿ."

ಆಮೇಲೆ ವೇದಿಕೆಯ ಕಡೆ ತಿರುಗಿ ತೆಲುಗಿನಲ್ಲೂ ಅದನ್ನೇ ಹೇಳಿದೆ. ಕೆಲಸ ಕಾಯಂ ಆಗಲಿ ಎಂದು ಸುಳ್ಳು ಹೇಳಿದೆ, ಉಪ್ಪುಗಲ್ಲು ಕದ್ದವನೂ ನಾನೇ ಎಂದೆ. ಅಧಿಕಾರಿ ಗಡಿಯಾರ ನೋಡಿಕೊಂಡು, "ಹಿರಿಯರು ಭಾವುಕರಾಗಿದ್ದಾರೆ" ಎಂದರು. ಹೋಟೆಲಿನವರು ಚಹಾ ಬಂದಿದೆ ಎಂದು ನೆನಪಿಸಿದರು. ಶಾಲು ಮೇಜಿನ ಮೇಲೆಯೇ ಉಳಿಯಿತು, ನಂತರ ಅದನ್ನು ಕಾರು ನಿಲ್ಲಿಸುವ ಜಾಗ ಕೇಳಿದ ಮೂರನೆಯವರಿಗೆ ಹೊದಿಸಿದರು ಎಂದು ಕೇಳಿದೆ.

ನನ್ನ ಮಾತಿನಿಂದ ಅವರ ಮನಸ್ಸು ಕರಗಿತು ಎಂದು ಯಾರೂ ತಿಳಿಯಬೇಡಿ. ಬೆಳೆದ ಹುಲ್ಲನ್ನು ಕತ್ತರಿಸಲು ಯಂತ್ರ ತರಿಸುವ ಯೋಚನೆ ಅವರಿಗಿತ್ತು. ಅನುದಾನ ಸಾಲಲಿಲ್ಲ. ಕುರಿ ಬಿಟ್ಟರೆ ಪುಕ್ಕಟೆ ಕೆಲಸ ಆಗುತ್ತದೆ ಎಂದು ಯಾರೋ ಲೆಕ್ಕ ಹಾಕಿದರು. ಅಡ್ಡಿಯಾಗಿದ್ದದ್ದು ನನ್ನ ಹಳೆಯ ಹೇಳಿಕೆ, ಅದನ್ನು ನಾನೇ ವಾಪಸ್ ತೆಗೆದುಕೊಂಡಿದ್ದೆ. ಹೀಗಾಗಿ ಬೇಸಿಗೆ ಮುಗಿಯುವವರೆಗೆ, ಬೆಳಿಗ್ಗೆ ಗೇಟು ತೆರೆಯುವ ಮುಂಚೆ, ಕುರಿ ಹೋಗಲಿ ಎಂದರು. ಅದಕ್ಕೆ "ಪ್ರಾಯೋಗಿಕ ಮೇಯಿಸುವಿಕೆ" ಎಂದು ಹೆಸರಿಟ್ಟರು. ನಮ್ಮಪ್ಪ ಜೀವಮಾನವೆಲ್ಲ ಮಾಡಿದ್ದು ಪ್ರಯೋಗ ಎಂದು ಪಾಪ ಅವನಿಗೆ ಗೊತ್ತಿರಲಿಲ್ಲ. ಬೇಲಿ ಬಿಚ್ಚಿದ ಜಾಗದಲ್ಲಿ ಬೋರ್ಡು ನಿಲ್ಲಿಸಿದ್ದಾರೆ. ಅದೇ ತಾಂಡೂರಿನ ಪೇಂಟರ್ ಅದರ ಮೇಲೆ ಕುರಿಯ ಚಿತ್ರ ಬರೆದಿದ್ದಾನೆ. ನಾಯಿಯಂತೆ ಕಾಣುತ್ತದೆ.

ಮೊದಲ ದಿನ ನಾನು ಬೆಳಿಗ್ಗೆ ಆಟೋ ಹಿಡಿದು ಹೋದೆ. ಅಕ್ಕ ಉಳಿದ ಕುರಿಗಳೊಂದಿಗೆ ಬೋರ್ಡಿನ ಹತ್ತಿರ ನಿಂತಿದ್ದಳು. ಬಹಳ ಮುದುಕಿಯಾಗಿದ್ದಾಳೆ. ಏನು ಮಾತಾಡಬೇಕೋ ತಿಳಿಯದೆ, "ಅಕ್ಕಾ, ಉಪ್ಪುಗಲ್ಲು ವಾಪಸ್ ತಂದು ಹಾಕಸ್ತೀನಿ" ಎಂದೆ.

"ಹಾಕಸು. ಈಗ ಹಿಂದ ನಡಿ."

ಹಿಂಡಿನಲ್ಲಿ ಎರಡು ಕುರಿಗಳು ಗಬ್ಬವಾಗಿದ್ದವು. ನಾನು ಅವುಗಳ ಕಡೆ ನೋಡಿದ್ದನ್ನು ಅವಳು ಕಂಡಳು.

"ಅವು ಈದ್ರ ಮುಂದ ಬರಬೇಕಂತ ಮಾಡೀಯೇನು? ನಿಂದು ಒಂದು ಕುರಿ ಲೆಕ್ಕ ಅಲ್ಲಪಾ. ನಾ ಹೇಳೋತನಕ ನಡಿ."

ಆ ಎರಡೂ ಈದಿವೆ. ನಾನಿನ್ನೂ ಹಿಂದೆಯೇ ನಡೆಯುತ್ತಿದ್ದೇನೆ. ಮಂಡಿ ನೋಯುತ್ತದೆ, ಮನೆಗೆ ಬಂದರೆ ಉಗುಳಿದ್ದೆಲ್ಲ ಕೆಂಪು. ಬಟ್ಟೆಯಲ್ಲಿ ಕುರಿಯ ವಾಸನೆ ಹೋಗುವುದಿಲ್ಲ. ಉಪ್ಪುಗಲ್ಲುಗಳು ಹಳೆಯ ಜಾಗಕ್ಕೆ ಬಂದಿವೆ. ಅವುಗಳನ್ನು ಹೊರಿಸಲು ಆ ಇಬ್ಬರು ಹೊಸ ಹುಡುಗರನ್ನು ಕೇಳಿದ್ದೆ. ಸಾಹೇಬರ ಅಪ್ಪಣೆ ಬೇಕು ಎಂದರು. ಕೆಲಸ ಬೇಗ ಕಲಿತಿದ್ದಾರೆ. ಅಪ್ಪಣೆ ಬರುವುದಕ್ಕೆ ಕಾಯದೆ ಬಾಡಿಗೆ ಬಂಡಿಯಲ್ಲಿ ನಾನೇ ತಂದು ಹಾಕಿದೆ.

ಇವತ್ತು ಬೆಳಿಗ್ಗೆ ಕುಂಟೆಯಿಂದ ತಿರುಗಿ ಬರುವಾಗ ದೂಳಿನಲ್ಲಿ ನನಗೆ ಅಕ್ಕ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು.

"ಎಲಾ ಹಣಮಂತಾ! ಹಿಂದ ಯಾವುದರೆ ಉಳದದೇನು ನೋಡು!"

ನಿಂತು ತಿರುಗಿ ನೋಡಿದೆ. ಮೇಯ್ದ ಗಿಡ್ಡ ಹುಲ್ಲು, ಕಲ್ಲುಗಳು, ಬರಿದಾದ ಕೆಂಪು ದಾರಿ.

"ಯಾವುದೂ ಇಲ್ಲಕ್ಕಾ," ಎಂದು ಕೂಗಿದೆ, "ನಾ ಒಬ್ಬನೇ."